ಶಿವಮೊಗ್ಗದಿಂದ ಗುಲ್ಮಾರ್ಗ್‌ಗೆ: ಮೊದಲ ಸ್ಕೀ ಪ್ರವಾಸಕ್ಕೆ ಸಮಗ್ರ ತಯಾರಿ

ಕಾಶ್ಮೀರಕ್ಕೆ ಹೋಗಿ ಹಿಮದ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬಂದವರು ಮಲೆನಾಡಿನ ಊರೂರಿನಲ್ಲೂ ಸಿಗುತ್ತಾರೆ. ಅವರಲ್ಲಿ ಹಲವರು ಬಾಡಿಗೆ ಕೋಟು ತೊಟ್ಟು, ಯಾರದೋ ಕೈ ಹಿಡಿದುಕೊಂಡು ನಾಲ್ಕು ಮಾರು ಜಾರಿ, ಸ್ಕೀಯಿಂಗ್ ಮಾಡಿ ಬಂದೆವು ಎಂದೂ ಹೇಳುತ್ತಾರೆ. ಅಷ್ಟೇ ಸಾಕು ಎನ್ನುವವರಿಗೆ ಈ ಬರಹದ ಅಗತ್ಯವಿಲ್ಲ. ಯಾವ ಪ್ಯಾಕೇಜ್ ಪ್ರವಾಸದವರೂ ಅದನ್ನು ಮಾಡಿಸಿಕೊಡುತ್ತಾರೆ. ಇಳಿಜಾರಿನಲ್ಲಿ ತಾವಾಗಿಯೇ ತಿರುಗಿ, ತಮಗೆ ಬೇಕಾದಲ್ಲಿ ನಿಲ್ಲುವಷ್ಟು ಕಲಿತು ಬರಬೇಕು ಎನ್ನುವವರ ಲೆಕ್ಕಾಚಾರವೇ ಬೇರೆ. ಶ್ರೀನಗರಕ್ಕೆ ಒಂದು ದಿನ, ಗುಲ್ಮಾರ್ಗ್‌ಗೆ ಒಂದು ದಿನ, ಸೋನ್‌ಮಾರ್ಗ್‌ಗೆ ಇನ್ನೊಂದು ದಿನ ಎಂದು ಹಂಚಿಕೊಂಡರೆ ಬೂಟು ಕಾಲಿಗೆ ಒಗ್ಗುವುದರೊಳಗೆ ಹೊರಡುವ ಹೊತ್ತಾಗಿರುತ್ತದೆ. ಒಂದೇ ಊರಿನಲ್ಲಿ ಉಳಿಯುವುದು, ಕನಿಷ್ಠ ಐದು ದಿನ ಪಾಠ ಹೇಳಿಸಿಕೊಳ್ಳುವುದು: ಈ ಎರಡನ್ನು ಮೊದಲು ಗಟ್ಟಿ ಮಾಡಿಕೊಂಡು ಟಿಕೆಟ್, ಹೋಟೆಲ್, ರಜೆ ಎಲ್ಲವನ್ನೂ ಅದರ ಸುತ್ತ ಜೋಡಿಸಿ.

ಊರಿನ ಆಯ್ಕೆ

ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದ ಸ್ಕೀ ತಾಣ ಎಂದರೆ ಬಾರಾಮುಲ್ಲಾ ಜಿಲ್ಲೆಯ ಗುಲ್ಮಾರ್ಗ್. ಅಲ್ಲಿನ ಹುಲ್ಲುಗಾವಲೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್, ಕೊಡಚಾದ್ರಿಯದು 1,343. ಅಂದರೆ ನಮ್ಮ ಬೆಟ್ಟದ ತುದಿ ಮುಗಿದು ಎಷ್ಟೋ ಮೇಲೆ ಅಲ್ಲಿನ ಬಯಲು ಆರಂಭವಾಗುತ್ತದೆ. ಅಲ್ಲಿಂದ ಗೊಂಡೋಲಾ ಎಂದು ಕರೆಯುವ ಕೇಬಲ್ ಕಾರು ಎರಡು ಹಂತಗಳಲ್ಲಿ ಮೇಲೇರುತ್ತದೆ. 1998ರಲ್ಲಿ ಆರಂಭವಾದ ಮೊದಲ ಹಂತ 3,000 ಮೀಟರ್ ದಾಟಿದ ಕೊಂಗ್‌ಡೂರಿಗೆ, 2005ರಲ್ಲಿ ಆರಂಭವಾದ ಎರಡನೆಯದು ಅಫರ್ವತ್ ಪರ್ವತದ ಹೆಗಲಿಗೆ, ಅಂದರೆ ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ.

ಉತ್ತರಾಖಂಡದ ಔಲಿ ಇನ್ನೊಂದು ಆಯ್ಕೆ. ಇಳಿಜಾರು ಹದವಾಗಿದೆ, ಗಢವಾಲ್ ಮಂಡಲ ವಿಕಾಸ ನಿಗಮದವರು ಹೊಸಬರಿಗಾಗಿ ಕೋರ್ಸ್ ನಡೆಸುತ್ತಾರೆ. ಆದರೆ 2023ರ ಜನವರಿಯಲ್ಲಿ ಔಲಿಯ ಕೆಳಗಿನ ಊರಾದ ಜೋಶಿಮಠದಲ್ಲಿ ನೆಲ ಕುಸಿಯತೊಡಗಿದಾಗ ಅಲ್ಲಿಂದ ಔಲಿಗೆ ಏರುವ ರೋಪ್‌ವೇ ನಿಂತುಹೋಯಿತು, ಹಾಗಾಗಿ ರಸ್ತೆಯನ್ನೇ ನಂಬಿ ಯೋಜನೆ ಹಾಕಬೇಕು. ಹರಿದ್ವಾರದಿಂದ ಜೋಶಿಮಠದವರೆಗಿನ ಘಟ್ಟದ ಹಾದಿಗೆ ಇಡೀ ಒಂದು ದಿನ ಬೇಕು. ಮನಾಲಿಯ ಹತ್ತಿರದ ಸೋಲಂಗ್ ಕಣಿವೆ ಕಲಿಯಲು ಸಾಕಾಗುತ್ತದೆ, ಕಲಿತ ಮೇಲೆ ಸಾಲದು.

ಶಿವಮೊಗ್ಗದಲ್ಲಿ ಕುಳಿತು ಕಾಶ್ಮೀರದ ಮಾತೆತ್ತುವಾಗ ಇನ್ನೊಂದು ವಿಷಯವನ್ನು ಬದಿಗಿಡಲು ಆಗುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್‌ನಲ್ಲಿ ನಡೆದ ದಾಳಿಯಲ್ಲಿ ಮಡಿದವರಲ್ಲಿ ನಮ್ಮ ಊರಿನವರೂ ಇದ್ದರು. ಮನೆಯಲ್ಲಿ ಹಿರಿಯರು ಬೇಡ ಎಂದರೆ ಅದು ಬರೀ ಹಳೆಯ ಕಾಲದ ಅಂಜಿಕೆಯಲ್ಲ. ಅವರನ್ನು ವಾದದಲ್ಲಿ ಸೋಲಿಸಿ ಹೊರಡಬೇಡಿ. ಹೊರಡುವ ಮುನ್ನ ಸರ್ಕಾರದ ಸೂಚನೆಗಳನ್ನು ಅವರ ಜೊತೆಯೇ ಕುಳಿತು ನೋಡಿ, ದಿನಕ್ಕೊಮ್ಮೆ ಎಷ್ಟು ಹೊತ್ತಿಗೆ ಕರೆ ಮಾಡುತ್ತೀರಿ ಎಂದು ಹೇಳಿ. ಮನಸ್ಸು ಒಪ್ಪದಿದ್ದರೆ ಔಲಿಗೆ ಹೋಗಿ. ಮೊದಲ ವಾರದ ಪಾಠ ಎರಡೂ ಕಡೆ ಒಂದೇ.

ಇನ್ನು ಮುಂದಿನದೆಲ್ಲ ಗುಲ್ಮಾರ್ಗ್ ಎಂದಿಟ್ಟುಕೊಂಡು ಬರೆದದ್ದು.

ಯಾವಾಗ ಹೊರಡುವುದು

ಮಲೆನಾಡಿನವರಿಗೆ ಇಲ್ಲೊಂದು ಪೇಚಿದೆ. ಹಿಮ ಬೀಳುವ ಕಾಲಕ್ಕೂ ಅಡಿಕೆ ಕೊಯ್ಲಿಗೂ ತಾಳೆಯಾಗುವುದಿಲ್ಲ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಅಂಗಳದಲ್ಲಿ ಹರವುವುದು ಇವೆಲ್ಲ ಜನವರಿಯವರೆಗೂ ಎಳೆಯುತ್ತವೆ. ಕಾಫಿ ತೋಟದವರಿಗೆ ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಮಾರ್ಚ್ ತಿಂಗಳ ಮಾತೇ ಇಲ್ಲ. ಮಾರಿ ಜಾತ್ರೆಯ ವರ್ಷವಾದರೆ ನೆಂಟರನ್ನು ಬಿಟ್ಟು ಹೊರಡುವುದೂ ಕಷ್ಟ.

ಅತ್ತ ಕಾಶ್ಮೀರದವರು ಚಳಿಗಾಲವನ್ನು ಮೂರು ಪಾಲು ಮಾಡುತ್ತಾರೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಯ 10 ದಿನ ಚಿಲ್ಲೈ ಬಚ್ಚಾ. ಹಿಮ ಆಳವಾಗಿ ಕೂರುವುದು ಮೊದಲ ಪಾಲಿನಲ್ಲಿ ಎಂಬುದು ರೂಢಿಯ ಲೆಕ್ಕ. ಆದರೆ 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ವಾರಗಟ್ಟಲೆ ಕಂದು ಬಣ್ಣಕ್ಕಿತ್ತು. ಹಿಮ ಸುರಿದದ್ದು ತಿಂಗಳ ಕೊನೆಗೆ, ಫೆಬ್ರವರಿಗೆ. ಹೊಸ ವರ್ಷದ ವಾರದಲ್ಲಿ ಹಿಮ ಇದ್ದೇ ಇರುತ್ತದೆ ಎಂದು ನಂಬಿ ದುಬಾರಿ ಕೋಣೆ ಕಾಯ್ದಿರಿಸುವುದು ಜೂಜು.

ನನ್ನ ಮಟ್ಟಿಗೆ ಫೆಬ್ರವರಿಯ ಮೊದಲ ಮೂರು ವಾರ ಸರಿಯಾದ ಕಾಲ. ತೋಟದ ಕೆಲಸ ಒಂದು ಹಂತಕ್ಕೆ ಬಂದಿರುತ್ತದೆ, ಹಿಮ ಕೂತಿರುತ್ತದೆ, ಹಗಲು ಸ್ವಲ್ಪ ಉದ್ದವಾಗಿರುತ್ತದೆ, ಹೊಸ ವರ್ಷದ ಜಂಗುಳಿ ಇಳಿದಿರುತ್ತದೆ. ಮಾರ್ಚ್ ಬಂತೆಂದರೆ ಕೆಳಗಿನ ಇಳಿಜಾರಿನ ಹಿಮ ಮಧ್ಯಾಹ್ನ ಕರಗಿ, ರಾತ್ರಿ ಗಡ್ಡೆ ಕಟ್ಟಿ, ಬೆಳಗ್ಗೆ ಕಲ್ಲಾಗಿರುತ್ತದೆ. ಕಲಿಯುವವರು ಬೀಳುವುದು ನಿಶ್ಚಿತವಾದ್ದರಿಂದ ಏತರ ಮೇಲೆ ಬೀಳುತ್ತೇವೆ ಎಂಬುದೂ ಮುಖ್ಯ.

ಕಾಲಿನ ತಯಾರಿ ಊರಿನಲ್ಲೇ

ಎರಡು ತಿಂಗಳು ಮುಂಚೆ ಇದನ್ನು ಆರಂಭಿಸಿ. ಸ್ಕೀಯಿಂಗ್‌ನಲ್ಲಿ ಮೊದಲು ಸೋಲುವುದು ತೊಡೆಯ ಮುಂಭಾಗದ ಸ್ನಾಯು. ಇಡೀ ಹೊತ್ತು ಮೊಣಕಾಲು ಬಗ್ಗಿಸಿಕೊಂಡು ದೇಹದ ಭಾರವನ್ನು ತಡೆದು ಹಿಡಿಯುವುದೇ ಅದರ ಕೆಲಸ. ಬೆಟ್ಟ ಹತ್ತುವುದರಿಂದ ಉಸಿರು ಬಲವಾಗುತ್ತದೆ. ಈ ಸ್ನಾಯು ಪಳಗುವುದು ಇಳಿಯುವಾಗ. ಈ ವಿಷಯದಲ್ಲಿ ನಾವು ಪುಣ್ಯವಂತರು. ಕುಂದಾದ್ರಿಗೆ ವಾಹನದಲ್ಲಿ ಹತ್ತಿ ನಡೆದು ಇಳಿಯಿರಿ. ಕವಲೇದುರ್ಗದ ಕಲ್ಲುಹಾಸಿನಲ್ಲಿ ನಿಧಾನವಾಗಿ, ಮೊಣಕಾಲು ಸ್ವಲ್ಪ ಬಗ್ಗಿಸಿಯೇ ಇಳಿಯಿರಿ. ಜೋಗದ ತಳಕ್ಕೆ ಇಳಿಯುವ ಮೆಟ್ಟಿಲು ತೆರೆದಿದ್ದರೆ ಅದಕ್ಕಿಂತ ಒಳ್ಳೆಯ ವ್ಯಾಯಾಮಶಾಲೆ ಬೇಕಿಲ್ಲ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಭಂಗಿಯಲ್ಲಿ ಕೂರುವುದನ್ನು ದಿನವೂ ಮಾಡಿ. ಎರಡು ನಿಮಿಷ ಸಲೀಸಾಗಿ ಕೂರಲು ಬಂದರೆ ಕಾಲು ಸಿದ್ಧವಾದಂತೆ. ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುವುದು ಸಮತೋಲಕ್ಕೆ ಒಳ್ಳೆಯದು, ಮನೆಯವರು ನಗುತ್ತಾರೆ, ನಗಲಿ.

ಹಳೆಯ ಮೊಣಕಾಲು ನೋವು, ಬಿ.ಪಿ., ಹೃದಯದ ತೊಂದರೆ, ಉಬ್ಬಸ ಇದ್ದವರು ಟಿಕೆಟ್ ಮಾಡಿಸುವ ಮುಂಚೆ ವೈದ್ಯರನ್ನು ಕಾಣಬೇಕು. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಒಂದೂವರೆ ದಿನದಲ್ಲಿ 2,650 ಮೀಟರ್‌ಗೆ ಹೋಗಿ ನಿಂತಾಗ ಆರೋಗ್ಯವಂತರಿಗೂ ತಲೆನೋವು, ನಿದ್ದೆಗೇಡು ಸಹಜ.

ಟಿಕೆಟ್, ವಿಮೆ, ಸಿಮ್

ಮಾಮೂಲಿ ದಾರಿ ಎಂದರೆ ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ದೆಹಲಿ ಮೂಲಕ ಶ್ರೀನಗರಕ್ಕೆ ವಿಮಾನ. ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ತೆರೆದ ಮೇಲೆ ಇಲ್ಲಿಂದಲೇ ಹಾರುವ ಆಸೆ ಎಲ್ಲರಿಗೂ ಇದೆ. ಆದರೆ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಚಳಿಗಾಲದ ಬೆಳಗ್ಗೆ ಮಂಜು ಕವಿದರೆ ವಿಮಾನ ತಡವಾಗಬಹುದು. ಎರಡು ವಿಮಾನಗಳ ಟಿಕೆಟ್ ಬೇರೆ ಬೇರೆಯಾಗಿದ್ದು ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ನಿಮ್ಮದೇ ನಷ್ಟ. ಆದ್ದರಿಂದ ಬೆಂಗಳೂರಿನಿಂದ ಶ್ರೀನಗರದವರೆಗೆ ಒಂದೇ ಟಿಕೆಟ್ ಇರಲಿ, ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಳ್ಳಿ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ. ರಜೆ ಧಾರಾಳವಾಗಿದ್ದವರು ರೈಲಿನಲ್ಲೇ ಕಣಿವೆ ತಲುಪಬಹುದು.

ಶ್ರೀನಗರ ವಿಮಾನ ನಿಲ್ದಾಣದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ತಂಗ್‌ಮಾರ್ಗ್‌ವರೆಗೆ ಮಾಮೂಲಿ ಟ್ಯಾಕ್ಸಿ ಹೋಗುತ್ತದೆ. ಅಲ್ಲಿಂದ ಮೇಲಿನ 13 ಕಿಲೋಮೀಟರ್ ಏರಿನಲ್ಲಿ ಹಿಮ ಬಿದ್ದಿದ್ದರೆ ಚಕ್ರಕ್ಕೆ ಸರಪಳಿ ಕಟ್ಟಿದ ಅಥವಾ ನಾಲ್ಕು ಚಕ್ರಕ್ಕೂ ಬಲ ಹೋಗುವ ವಾಹನಗಳನ್ನು ಮಾತ್ರ ಬಿಡುತ್ತಾರೆ. ಶ್ರೀನಗರದಲ್ಲಿ ಟ್ಯಾಕ್ಸಿ ಮಾತಾಡುವಾಗ ದರ ಎಲ್ಲಿಯವರೆಗೆ ಎಂದು ಮೊದಲೇ ಕೇಳಿ. ಜಗಳ ಹುಟ್ಟುವುದು ತಂಗ್‌ಮಾರ್ಗ್‌ನಲ್ಲೇ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಆಗಿರಬೇಕು. ತಂಡದಲ್ಲಿ ಕನಿಷ್ಠ ಇಬ್ಬರಾದರೂ ಹೊರಡುವ ವಾರಗಳ ಮುಂಚೆಯೇ ಬದಲಾಯಿಸಿಕೊಳ್ಳಿ. ಪ್ರವಾಸ ವಿಮೆ ಮಾಡಿಸುವಾಗ ಸಾಹಸ ಕ್ರೀಡೆ ಸೇರಿದೆಯೇ ಎಂದು ಷರತ್ತಿನ ಪುಟ ಓದಿ ಖಚಿತಪಡಿಸಿಕೊಳ್ಳಿ. ಅಗ್ಗದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಸ್ಕೀಯಿಂಗ್ ಅನ್ನೇ ಹೊರಗಿಟ್ಟಿರುತ್ತಾರೆ.

ಬಟ್ಟೆ

ನಮ್ಮ ಮಳೆಗಾಲದ ಅನುಭವ ಇಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ. ಒದ್ದೆಯಾದ ಹತ್ತಿ ಬಟ್ಟೆ ಒಣಗುವುದಿಲ್ಲ ಎಂದು ಜುಲೈ ತಿಂಗಳ ಆಗುಂಬೆಯನ್ನು ಕಂಡವರಿಗೆ ಹೇಳಿಕೊಡಬೇಕಿಲ್ಲ. ಹಿಮದಲ್ಲಿ ಆ ಒದ್ದೆ ಮೈಯ ಬಿಸಿಯನ್ನೇ ಹೀರುತ್ತದೆ. ಆದ್ದರಿಂದ ಬನಿಯನ್ನು, ಜೀನ್ಸ್, ಹತ್ತಿ ಕಾಲುಚೀಲ ಮೂರನ್ನೂ ಮನೆಯಲ್ಲಿ ಬಿಡಿ. ಮೈಗೆ ಅಂಟುವ ಥರ್ಮಲ್ ಒಂದು ಪದರ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ–ನೀರು ತಡೆಯುವ ಕೋಟು ಮತ್ತು ಪ್ಯಾಂಟು. ಒಳ್ಳೆಯ ಗುಣಮಟ್ಟದ ಮಳೆಕೋಟು ಇದ್ದರೆ ಮೇಲಿನ ಪದರಕ್ಕೆ ಅದೇ ಸಾಕು. ಅಜ್ಜನ ಕಂಬಳಿ ಬೆಚ್ಚಗಿರುತ್ತದೆ ನಿಜ, ಆದರೆ ಅದನ್ನು ಹೊದ್ದು ಸ್ಕೀ ಮಾಡಲಾಗದು.

ದುಡ್ಡು ಖರ್ಚು ಮಾಡಬೇಕಾದ್ದು ಮೂರರ ಮೇಲೆ: ಕೈಗವಸು, ಕಾಲುಚೀಲ, ಗಾಗಲ್ಸ್. ಕೈಗವಸು ನೀರು ಹೀರದಂತಿರಬೇಕು, ಏಕೆಂದರೆ ಮೊದಲ ದಿನ ಬಿದ್ದು ಏಳುವಾಗ ಕೈ ಊರುವುದು ಹಿಮದಲ್ಲೇ. ಗಾಗಲ್ಸ್ ಮತ್ತು ಸನ್‌ಸ್ಕ್ರೀನ್ ಬೆಡಗಿಗಲ್ಲ. ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೆ ಹಿಂದಕ್ಕೆ ಎರಚುತ್ತದೆ. ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಸನ್‌ಸ್ಕ್ರೀನ್ ಹಚ್ಚಿ, ಸುಡುವುದು ಅಲ್ಲೇ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲ ಅಲ್ಲಿ ಬಾಡಿಗೆಗೆ ಸಿಗುತ್ತವೆ, ಒಂದನ್ನೂ ಕೊಳ್ಳಬೇಡಿ.

ಬಾಡಿಗೆ ಅಂಗಡಿಯಲ್ಲಿ ಒಂದು ಗಂಟೆ

ಇಡೀ ಪ್ರವಾಸ ಸುಖವೋ ನರಕವೋ ಎಂದು ತೀರ್ಮಾನವಾಗುವುದು ಬೂಟು ಆರಿಸುವಾಗ. ಗುಲ್ಮಾರ್ಗ್ ತಲುಪಿದ ದಿನ ಬೇರೇನನ್ನೂ ಇಟ್ಟುಕೊಳ್ಳದೆ ಮಧ್ಯಾಹ್ನ ಅಂಗಡಿಗೆ ಹೋಗಿ. ಒಂದೇ ಜೊತೆ ತೆಳು ಕಾಲುಚೀಲ ಹಾಕಿರಬೇಕು. ಚಳಿ ಎಂದು ಎರಡು ಜೊತೆ ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ಮರಗಟ್ಟುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ, ಆ ಮಡಿಕೆ ಸಂಜೆಯ ಹೊತ್ತಿಗೆ ಮೊಣಕಾಲಿನ ಕೆಳಗಿನ ಮುಂಭಾಗದಲ್ಲಿ ಗಾಯ ಮಾಡಿರುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಸರಿಸಿ, ಆಮೇಲೆ ಬಕಲ್ ಹಾಕಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ಲಘುವಾಗಿ ತಾಗಬೇಕು, ಮೊಣಕಾಲು ಮುಂದಕ್ಕೆ ಬಗ್ಗಿಸಿದಾಗ ಬಿಡಿಸಿಕೊಳ್ಳಬೇಕು. ಮುಂದೆ ಬಾಗಿದಾಗ ಹಿಮ್ಮಡಿ ಮೇಲೇಳುತ್ತಿದ್ದರೆ ಬೂಟು ದೊಡ್ಡದಾಯಿತು. ಹಾಕಿಕೊಂಡು ಹದಿನೈದು ನಿಮಿಷ ಅಂಗಡಿಯಲ್ಲೇ ಅಡ್ಡಾಡಿ. ಅಂಗಡಿಯವರು ನಡೆಯುತ್ತೆ ಎಂದು ಅವಸರ ಮಾಡಿದರೂ ಒಪ್ಪಬೇಡಿ.

ಸ್ಕೀ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಾಗ ಗಲ್ಲ ಮತ್ತು ಮೂಗಿನ ನಡುವೆ ಬಂದರೆ ಹೊಸಬರಿಗೆ ಸರಿ. ಕೋಲನ್ನು ತಲೆಕೆಳಗಾಗಿ ಹಿಡಿದು ಅದರ ತುದಿಯ ಬಳಿಯ ದುಂಡು ಬಿಲ್ಲೆಯ ಕೆಳಗೆ ಮುಷ್ಟಿ ಕಟ್ಟಿದಾಗ ಮೊಣಕೈ ಲಂಬಕೋನದಲ್ಲಿರಬೇಕು.

ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಬೈಂಡಿಂಗ್ ಬಗ್ಗೆ ಅಂಗಡಿಯಲ್ಲಿ ಯಾರೂ ತಾವಾಗಿ ಮಾತೆತ್ತುವುದಿಲ್ಲ, ನೀವೇ ಎತ್ತಬೇಕು. ಬಿದ್ದಾಗ ಅದು ಬಿಟ್ಟುಕೊಳ್ಳದಿದ್ದರೆ ಉದ್ದನೆಯ ಹಲಗೆ ಒಂದು ದಿಕ್ಕಿಗೆ, ದೇಹ ಇನ್ನೊಂದು ದಿಕ್ಕಿಗೆ ತಿರುಗಿ ಮೊಣಕಾಲಿನ ಅಸ್ಥಿಬಂಧ ಹರಿಯುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಎಂಬ ಸಂಖ್ಯೆಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಕಲಿಕೆಯ ಮಟ್ಟ ನೋಡಿ ಹೊಂದಿಸುತ್ತಾರೆ. ನಿಮ್ಮ ತೂಕ ಕೇಳದೆಯೇ ಹಲಗೆ ಕೊಟ್ಟರೆ ಆ ಅಂಗಡಿ ಬೇಡ, ಪಕ್ಕದ್ದಕ್ಕೆ ನಡೆಯಿರಿ.

ಗುರು ಮತ್ತು ಮೊದಲ ದಿನಗಳು

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ಇದೆ. ಅಲ್ಲಿನ ಕೋರ್ಸಿಗೆ ಜಾಗ ಸಿಕ್ಕರೆ ಮತ್ತೇನೂ ಯೋಚಿಸಬೇಡಿ. ಸೀಟು ಬೇಗ ತುಂಬುವುದರಿಂದ ದಸರಾ ಹೊತ್ತಿಗೇ ವಿಚಾರಿಸಿ. ಸಿಗದಿದ್ದರೆ ಪರವಾನಗಿ ಪಡೆದ ಖಾಸಗಿ ತರಬೇತುದಾರರಿದ್ದಾರೆ. ಮೂರು ನಾಲ್ಕು ಜನ ಸೇರಿ ಒಬ್ಬರನ್ನು ಗೊತ್ತು ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ, ಐದೂ ದಿನ ಅದೇ ವ್ಯಕ್ತಿ ಎಂದು ಮಾತಾಡಿಕೊಳ್ಳಿ. ಇವರಲ್ಲಿ ಹಲವರು ತಂಗ್‌ಮಾರ್ಗ್ ಸುತ್ತಿನ ಹಳ್ಳಿಯವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಕೂಡ ಆ ಕಡೆಯವರೇ. ಹಿಮ ಕಾಣದ ನಾಡಿನವರಿಗೆ ಇದೆಲ್ಲ ಏಕೆ ಎಂದು ಊರಿನಲ್ಲಿ ಯಾರಾದರೂ ಮೂಗು ಮುರಿದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಅವರು.

ಪಾಠ ನಡೆಯುವುದು ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿರುವ ಬಯಲಿನ ಸಣ್ಣ ಏರುಗಳಲ್ಲಿ. ಮೊದಲ ದಿನ ಒಂದೇ ಹಲಗೆ ಕಟ್ಟಿಕೊಂಡು ನೂಕುತ್ತಾ ಸಾಗುವುದು, ಅಡ್ಡಲಾಗಿ ನಿಂತು ಹೆಜ್ಜೆ ಹೆಜ್ಜೆಯಾಗಿ ಏರುವುದು, ಪಕ್ಕಕ್ಕೆ ಬೀಳುವುದು, ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿಸಿಕೊಂಡು ಏಳುವುದು. ಎರಡನೆಯ ದಿನ ಹಲಗೆಯ ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂದಿನ ತುದಿಗಳನ್ನು ಅಗಲಿಸಿ ವೇಗ ತಡೆಯುವುದು. ನಿಲ್ಲಲು ಬರುವವರೆಗೆ ತಿರುಗುವ ಪಾಠಕ್ಕೆ ಹೋಗಬೇಡಿ. ತಿರುಗುವುದರ ಗುಟ್ಟು ಇಷ್ಟೇ: ಎಡಕ್ಕೆ ತಿರುಗಬೇಕಾದರೆ ಬಲಗಾಲಿನ ಮೇಲೆ ಭಾರ, ಬಲಕ್ಕಾದರೆ ಎಡಗಾಲಿನ ಮೇಲೆ.

ಮಲೆನಾಡಿನವರ ಮೈಯಲ್ಲಿ ಕೂತ ಒಂದು ಚಾಳಿ ಇಲ್ಲಿ ಅಡ್ಡ ಬರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಇಳಿಯುವಾಗ ನಾವು ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ವಾಲಿಸಿ ನಡೆಯುತ್ತೇವೆ. ಹುಟ್ಟಿದಂದಿನಿಂದ ಅದೇ ಅಭ್ಯಾಸ. ಸ್ಕೀ ಮೇಲೆ ಹಿಂದಕ್ಕೆ ವಾಲಿದ ಕ್ಷಣ ಹಲಗೆಯ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ, ವೇಗ ಇಮ್ಮಡಿಸುತ್ತದೆ. ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ಬೂಟಿನ ನಾಲಿಗೆಗೆ ಸದಾ ಒತ್ತಿಕೊಂಡಿರಬೇಕು, ಕೈಗಳು ಮುಂದಿರಬೇಕು. ಕೆಳಗೆ ನಿಂತ ಗುರುಗಳು ‘ಘುಟ್ನೇ ಮೋಡೋ, ಆಗೇ ಝುಕೋ’ ಎಂದು ಕೂಗುತ್ತಲೇ ಇರುತ್ತಾರೆ. ಮೊಣಕಾಲು ಬಗ್ಗಿಸು, ಮುಂದೆ ಬಾಗು. ಬುದ್ಧಿಗೆ ಅದು ತಕ್ಷಣ ಅರ್ಥವಾಗುತ್ತದೆ, ಸೊಂಟಕ್ಕೆ ಅರ್ಥವಾಗಲು ಮೂರನೆಯ ದಿನ ಬರಬೇಕು. ಆ ದಿನವೇ ಪ್ಯಾಕೇಜಿನವರು ಹೊರಟಿರುತ್ತಾರೆ ನೋಡಿ.

ಮಧ್ಯಾಹ್ನ ಮೂರರ ಮೇಲೆ ಇನ್ನೊಂದು ಸುತ್ತು ಎಂಬ ಆಸೆಯನ್ನು ಬಿಡಿ. ಕಾಲು ಸೋತಿರುತ್ತದೆ, ಬೆಳಕು ಮಂಕಾಗಿ ಉಬ್ಬು ತಗ್ಗು ಕಾಣುವುದಿಲ್ಲ. ಪೆಟ್ಟು ಮಾಡಿಕೊಳ್ಳುವುದು ಆ ಸುತ್ತಿನಲ್ಲೇ. ಇಳಿಯುವಾಗ ನಿಮಗಿಂತ ಕೆಳಗಿರುವವರಿಗೆ ದಾರಿಯ ಹಕ್ಕು. ಅವರನ್ನು ತಪ್ಪಿಸಿ ಹೋಗುವ ಹೊಣೆ ಮೇಲಿನಿಂದ ಬರುವವರದು.

ಗೊಂಡೋಲಾ ಹತ್ತುವ ಮುನ್ನ

ಗೊಂಡೋಲಾ ಟಿಕೆಟನ್ನು ಕೇಬಲ್ ಕಾರ್ ನಿಗಮದ ಜಾಲತಾಣದಲ್ಲಿ ಮುಂಗಡವಾಗಿ ಕೊಳ್ಳಬೇಕು, ಗುರುತಿನ ಚೀಟಿ ಜೊತೆಗಿರಲಿ. ಗಾಳಿ ಜೋರಾದರೆ ಎರಡನೆಯ ಹಂತ ಮುಚ್ಚುತ್ತದೆ. ನಾಲ್ಕನೆಯ ಅಥವಾ ಐದನೆಯ ದಿನ ಗುರುಗಳು ಹೂಂ ಎಂದರೆ ಮೊದಲ ಹಂತಕ್ಕೆ ಹೋಗಿ ಕೊಂಗ್‌ಡೂರಿಯ ಸುತ್ತಲ ಹದವಾದ ಇಳಿಜಾರಿನಲ್ಲಿ ಅಭ್ಯಾಸ ಮಾಡಬಹುದು. ಎರಡನೆಯ ಹಂತಕ್ಕೆ ಹೋಗುವುದಾದರೆ ಸ್ಕೀ ಕೆಳಗಿಟ್ಟು, ನೋಡಲೆಂದು ಹೋಗಿ, ಅದೇ ಡಬ್ಬಿಯಲ್ಲಿ ಇಳಿದು ಬನ್ನಿ. ಅಲ್ಲಿಂದ ಕೆಳಕ್ಕೆ ಯಂತ್ರ ಹಾಯಿಸಿ ಸಮ ಮಾಡಿದ ಹಾದಿಯಿಲ್ಲ. ಆಳ ಹಿಮ, ಕಡಿದಾದ ಕಣಿವೆ, ಹಿಮಕುಸಿತದ ಭಯ. 2024ರ ಫೆಬ್ರವರಿಯಲ್ಲಿ ಅಲ್ಲಿನ ಮೇಲ್ಭಾಗದಲ್ಲಿ ಹಿಮ ಕುಸಿದು ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಅಷ್ಟು ಅನುಭವಿಗಳಿಗೇ ಹಾಗಾಗುವ ಜಾಗದಲ್ಲಿ ಐದು ದಿನದ ಕಲಿಕೆ ಲೆಕ್ಕಕ್ಕಿಲ್ಲ. ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪಟ್ರೋಲ್‌ನವರು ಹಗ್ಗ ಕಟ್ಟಿದ ಕಡೆ ದಾಟಲೇಬಾರದು, ಆಚೆ ಬೇರೆಯವರ ಹಲಗೆಯ ಗುರುತು ಕಂಡರೂ ಸರಿಯೆ.

ಕೋಣೆ, ಊಟ

ಹೋಟೆಲ್ ಕಾಯ್ದಿರಿಸುವಾಗ ನೋಟಕ್ಕಿಂತ ಬಿಸಿಯ ವ್ಯವಸ್ಥೆ ಕೇಳಿ: ಕೇಂದ್ರೀಕೃತ ಹೀಟಿಂಗ್ ಇದೆಯೇ, ರಾತ್ರಿಯಿಡೀ ಓಡುತ್ತದೆಯೇ, ಒದ್ದೆ ಬೂಟು ಒಣಗಿಸಲು ಜಾಗವಿದೆಯೇ. ಕೋಣೆಯಲ್ಲಿ ಬುಖಾರಿ ಎಂಬ ಸೌದೆ ಒಲೆಯೋ ಗ್ಯಾಸ್ ಹೀಟರೋ ಇದ್ದರೆ ಮಲಗುವ ಮುನ್ನ ಆರಿಸಿ, ಕಿಟಕಿ ಚೂರು ತೆರೆದಿಡಿ. ಬಾಗಿಲು ಬಿಗಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ. ಕಾಂಗಡಿ ಎಂಬ ಕೆಂಡದ ಮಡಕೆಯನ್ನು ಹಾಸಿಗೆಗೆ ತೆಗೆದುಕೊಳ್ಳಬೇಡಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ರಾಜ್ಮಾ ಅನ್ನ, ಪರಾಠ, ದಾಲ್ ಎಲ್ಲೆಡೆ ಸಿಗುತ್ತದೆ. ಮೂರನೆಯ ದಿನಕ್ಕೆ ನಾಲಿಗೆ ಜಡ್ಡುಗಟ್ಟುತ್ತದೆ ಎನ್ನುವವರು ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಒಯ್ಯಲಿ. ಅಪ್ಪೆಮಿಡಿ ಬೇಕೇ ಬೇಕಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ದೊಡ್ಡ ಬ್ಯಾಗಿನಲ್ಲಿಡಿ. ಒಣ ಕೊಬ್ಬರಿ ಬೇಡ. ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು ಎಂದು ವಿಮಾನದ ಬ್ಯಾಗಿನಿಂದ ತೆಗೆಸಿಬಿಡುತ್ತಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಿ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಕಂಡರೆ ಕಾಯಬೇಡಿ, ಆ ದಿನವೇ ಶ್ರೀನಗರಕ್ಕೆ ಇಳಿಸಿ ವೈದ್ಯರಿಗೆ ತೋರಿಸಿ.

ಹಿಂತಿರುಗುವಾಗ

ಐದು ದಿನದ ಪಾಠದ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಹಿಮ ಸುರಿದರೆ ತಂಗ್‌ಮಾರ್ಗ್ ರಸ್ತೆ ಮುಚ್ಚುತ್ತದೆ, ಮಂಜು ಕವಿದರೆ ಶ್ರೀನಗರದ ವಿಮಾನಗಳು ರದ್ದಾಗುತ್ತವೆ. ನಡುವೆ ಒಂದು ದಿನ ಶ್ರೀನಗರದಲ್ಲಿ ಉಳಿದರೆ ದಾಲ್ ಸರೋವರವನ್ನೂ ನೋಡಿದಂತಾಗುತ್ತದೆ. ಬಾಡಿಗೆ ಸಾಮಾನು ಹಿಂತಿರುಗಿಸುವಾಗ ಅಂಗಡಿಯವರ ಎದುರೇ ಎಣಿಸಿ ಕೊಟ್ಟು, ಮುಂಗಡವಾಗಿ ಇಟ್ಟ ಗುರುತಿನ ಚೀಟಿ ಮರೆಯದೆ ವಾಪಸು ಪಡೆಯಿರಿ. ಅದಿಲ್ಲದೆ ವಿಮಾನ ನಿಲ್ದಾಣದ ಒಳಗೆ ಬಿಡುವುದಿಲ್ಲ. ಶ್ರೀನಗರದಲ್ಲಿ ಮೊದಲ ತಪಾಸಣೆ ಟರ್ಮಿನಲ್‌ಗಿಂತ ಬಹಳ ಮುಂಚೆ, ಹೊರಗಿನ ಗೇಟಿನಲ್ಲೇ ನಡೆಯುತ್ತದೆ, ವಾಹನದಿಂದ ಎಲ್ಲ ಸಾಮಾನನ್ನೂ ಇಳಿಸಿ ಮತ್ತೆ ಹೇರಬೇಕು. ವಿಮಾನ ಹೊರಡುವ ಮೂರು ಗಂಟೆ ಮುಂಚೆ ಆ ಗೇಟಿನಲ್ಲಿರಿ. ಬೆಂಗಳೂರಿನಿಂದ ಶಿವಮೊಗ್ಗದ ರಾತ್ರಿ ರೈಲಿನಲ್ಲಿ ಕೆಳಗಿನ ಬರ್ತ್ ಕೇಳಿ ಪಡೆಯಿರಿ, ಆ ಹೊತ್ತಿಗೆ ಮೇಲಿನ ಬರ್ತ್ ಹತ್ತಲು ತೊಡೆಗಳು ಒಪ್ಪುವುದಿಲ್ಲ.